ಮನೆಯೊಳಗಿನ ಹಿಟಾಚಿ: ಮೋಟರ್ ಇರುವ ದೊಡ್ಡ ಜೋಡಣೆ ಆಟಿಕೆಗಳ ರಿಮೋಟ್ ಮತ್ತು ಬೆಲೆ, ಒಂದು ಸಮಗ್ರ ಮಾರ್ಗದರ್ಶಿ

ಇಳಕಲ್ಲಿನ ಗ್ರಾನೈಟ್ ಕ್ವಾರಿಗಳು, ಮುಧೋಳ–ಲೋಕಾಪುರ ಭಾಗದ ಸುಣ್ಣಕಲ್ಲು ಗಣಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸ: ಬಾಗಲಕೋಟೆ ಜಿಲ್ಲೆಯ ಹುಡುಗರು ಮಣ್ಣೆತ್ತುವ ಯಂತ್ರ ನೋಡುತ್ತಲೇ ಬೆಳೆಯುತ್ತಾರೆ. ಟೈರ್ ಇದ್ದರೆ ಜೆಸಿಬಿ, ಚೈನ್ ಇದ್ದರೆ ಹಿಟಾಚಿ ಅಂತ ಮಾತು ಕಲಿಯುವ ಮೊದಲೇ ಗುರುತು ಹಿಡಿಯುತ್ತಾರೆ. ಆ ಹಿಟಾಚಿಯನ್ನು ಸಾವಿರಾರು ತುಂಡುಗಳಿಂದ ಕಟ್ಟಿ, ಒಳಗೆ ಮೋಟರ್ ಕೂರಿಸಿ, ಫೋನಿನಿಂದ ಓಡಿಸಬಹುದು ಅಂತ ಗೊತ್ತಾದ ಮೇಲೆ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಮಗ ಕೇಳುವುದು ‘ಹೆಂಗ್ ಓಡತೈತಿ?’, ಅಪ್ಪ ಕೇಳುವುದು ‘ಎಷ್ಟಕ್ಕ?’

ಇವೆರಡೂ ಒಂದೇ ಪ್ರಶ್ನೆ ಎಂಬುದು ನನ್ನ ವಾದ. ಇಂಥ ಸೆಟ್‌ನ ಬೆಲೆಯನ್ನು ಮೇಲಕ್ಕೆ ಎಳೆಯುವುದು ಮೋಟರ್, ಹಬ್ (ಮೋಟರ್‌ಗಳಿಗೆ ಕರೆಂಟ್ ಮತ್ತು ಆಜ್ಞೆ ಕೊಡುವ ಪೆಟ್ಟಿಗೆ), ರಿಮೋಟ್. ಎಲ್ಲಕ್ಕಿಂತ ಮೊದಲು ಹಳೆಯದಾಗುವುದೂ ಅವೇ. ಪ್ಲಾಸ್ಟಿಕ್ ತುಂಡು ಮೂವತ್ತು ವರ್ಷ ಬಾಳುತ್ತದೆ, ಫೋನಿನ ಆ್ಯಪ್‌ಗೆ ಆ ಆಯುಷ್ಯವಿಲ್ಲ. ಹಾಗಾಗಿ ಬೆಲೆ ಚೀಟಿ ನೋಡುವ ಮೊದಲು ರಿಮೋಟ್ ಯಾವ ಜಾತಿಯದು ನೋಡಿ.

ಹಂತ 1: ರಿಮೋಟ್‌ನ ಜಾತಿ ಗುರುತಿಸಿ

ದೊಡ್ಡ ಪೆಟ್ಟಿಗೆಯ ಮೇಲೆ ‘ಮೋಟರ್ ಇದೆ’ ಎಂದು ಬರೆದ ಮಾತ್ರಕ್ಕೆ ರಿಮೋಟ್ ಇರಬೇಕೆಂದಿಲ್ಲ. ಜೋಡಣೆ ಆಟಿಕೆಗಳ ಕಂಪನಿ ಲೆಗೊದ ‘ಟೆಕ್ನಿಕ್’ ಎಂಬ ಯಂತ್ರಗಳ ಸಾಲಿನಲ್ಲಿ ಪ್ರತಿ ಸೆಟ್‌ಗೂ ಒಂದು ಸಂಖ್ಯೆ ಇದೆ. ಅದರ 42055 ಬಕೆಟ್ ವೀಲ್ ಎಕ್ಸ್‌ಕವೇಟರ್ (2016, 3,929 ತುಂಡು) ಮತ್ತು 42082 ರಫ್ ಟೆರೇನ್ ಕ್ರೇನ್ (2018, 4,057 ತುಂಡು) ಎರಡೂ ಭಾರೀ ಸೆಟ್‌ಗಳು. ಆದರೆ ಒಂದೊಂದರಲ್ಲಿ ಇರುವುದು ಒಂದೇ ಮೋಟರ್. ಅದರ ಶಕ್ತಿಯನ್ನು ಗೇರ್‌ಬಾಕ್ಸ್ ಹಂಚುತ್ತದೆ, ಸನ್ನೆ (ಲಿವರ್) ತಿರುಗಿಸುವುದು ನಿಮ್ಮ ಕೈ. ಗೇರ್ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯಬೇಕೆಂದರೆ ನನ್ನ ಮಟ್ಟಿಗೆ ಇವೇ ಒಳ್ಳೆಯ ಸೆಟ್‌ಗಳು. ದೂರ ಕೂತು ಓಡಿಸುವ ಆಸೆಯವರಿಗೆ ಮಾತ್ರ ನಿರಾಸೆ.

ರಿಮೋಟ್ ಇರುವವುಗಳಲ್ಲಿ ಮೊದಲ ತಲೆಮಾರು ಪವರ್ ಫಂಕ್ಷನ್ಸ್. 2007ರಲ್ಲಿ ಬಂದ ಇದು ಟಿವಿ ರಿಮೋಟ್‌ನಂತೆ ಇನ್ಫ್ರಾರೆಡ್ ಬೆಳಕಿನಿಂದ ನಡೆಯುತ್ತದೆ. 8043 ಎಕ್ಸ್‌ಕವೇಟರ್ (2010, 1,123 ತುಂಡು, ನಾಲ್ಕು ಮೋಟರ್) ಮತ್ತು 42030 ವೋಲ್ವೊ ಎಲ್350ಎಫ್ ಲೋಡರ್ (2014, 1,636 ತುಂಡು) ಈ ಕಾಲದವು. ನಾಲ್ಕು ಚಾನೆಲ್, ಪ್ರತಿ ರಿಸೀವರ್‌ಗೆ ಕೆಂಪು ಮತ್ತು ನೀಲಿ ಎಂಬ ಎರಡು ಔಟ್‌ಪುಟ್. ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ, ಅಪ್‌ಡೇಟ್ ಬೇಡ. ಕೊರತೆಯೆಂದರೆ ರಿಮೋಟ್‌ಗೂ ರಿಸೀವರ್‌ಗೂ ನೇರ ದೃಷ್ಟಿ ಇರಬೇಕು, ಮತ್ತು ಬಿಸಿಲಲ್ಲಿ ಸಿಗ್ನಲ್ ಸೋಲುತ್ತದೆ. ನಮ್ಮ ಬಯಲುಸೀಮೆಯ ಅಂಗಳದಲ್ಲಿ ಮಧ್ಯಾಹ್ನ ಓಡಿಸಲು ಹೋದರೆ ಯಂತ್ರ ಕಿವುಡಾಗುತ್ತದೆ. ಸಂಜೆ ಹಜಾರದಲ್ಲಿ ಯಾವ ತಕರಾರೂ ಇಲ್ಲ.

ಎರಡನೆಯ ತಲೆಮಾರು ಬ್ಲೂಟೂತ್‌ನದು. 2018ರಿಂದ ಪವರ್ಡ್ ಅಪ್, 2019ರಿಂದ ಟೆಕ್ನಿಕ್‌ನಲ್ಲಿ ಕಂಟ್ರೋಲ್ ಪ್ಲಸ್. ನಾಲ್ಕು ಪೋರ್ಟ್‌ನ ಟೆಕ್ನಿಕ್ ಹಬ್ (88012) ಇದರ ಹೃದಯ. ಬ್ಯಾಟರಿ ಪೆಟ್ಟಿಗೆ, ರಿಸೀವರ್ ಎರಡೂ ಒಂದರಲ್ಲೇ ಇವೆ. 42100 ಲೀಬ್ಹೆರ್ ಆರ್ 9800 (2019, 4,108 ತುಂಡು) ಇದರ ಹಿರಿಯಣ್ಣ: ಎಡ ಚೈನ್, ಬಲ ಚೈನ್, ಮೇಲ್ಭಾಗದ ತಿರುಗಾಟ, ಬೂಮ್ (ಬುಡದ ದೊಡ್ಡ ತೋಳು), ತೋಳು (ಬಕೆಟ್ ಹಿಡಿದ ತುದಿಯ ಭಾಗ), ಬಕೆಟ್ ಮಡಚುವುದು, ಬಕೆಟ್ ಬಾಯಿ ತೆರೆಯುವುದು. ಏಳು ಕೆಲಸಕ್ಕೆ ಏಳು ಮೋಟರ್, ಎರಡು ಹಬ್. 42131 ಕ್ಯಾಟ್ ಡಿ11 ಬುಲ್ಡೋಜರ್ (2021, 3,854 ತುಂಡು) ಬೇರೆ ದಾರಿ ಹಿಡಿಯಿತು. ನಾಲ್ಕೇ ಮೋಟರ್, ಒಂದೇ ಹಬ್. ಒಂದು ಮೋಟರ್ ಗೇರ್ ಬದಲಿಸುತ್ತದೆ, ಇನ್ನೊಂದು ಆ ಹೊತ್ತಿಗೆ ಆಯ್ಕೆಯಾದ ಕೆಲಸ ಮಾಡುತ್ತದೆ. ಮುಂದಿನ ಬ್ಲೇಡ್ ಎತ್ತುತ್ತಲೇ ಹಿಂದಿನ ರಿಪ್ಪರ್ (ನೆಲ ಸೀಳುವ ಕೊಕ್ಕೆ) ಇಳಿಸಲು ಇದರಲ್ಲಿ ಬರುವುದಿಲ್ಲ. ಲೀಬ್ಹೆರ್‌ನಲ್ಲಿ ಬೂಮ್, ತೋಳು, ತಿರುಗಾಟ ಒಟ್ಟಿಗೇ ನಡೆಯುತ್ತವೆ, ಕ್ವಾರಿಯ ನಿಜವಾದ ಯಂತ್ರದ ಹಾಗೆ.

ಈ ಹೊಸ ಮೋಟರ್‌ಗಳ ಒಳಗೆ ತಿರುಗಿದ ಕೋನ ಅಳೆಯುವ ಸೆನ್ಸರ್ ಇದೆ. ಬೂಮ್ ಎಲ್ಲಿದೆ ಎಂಬುದು ಆ್ಯಪ್‌ಗೆ ಗೊತ್ತಾಗುವುದು ಹೀಗೆ. ಹಳೆಯ ಸಾಮಾನ್ಯ ಪವರ್ ಫಂಕ್ಷನ್ಸ್ ಮೋಟರ್‌ಗೆ ಕರೆಂಟ್ ಬಂತೋ ಇಲ್ಲವೋ ಅಷ್ಟೇ ಗೊತ್ತು.

ಮೂರನೆಯದು ಚೀನಾದ ಕಾಡಾ, ಮೌಲ್ಡ್ ಕಿಂಗ್ ಮುಂತಾದ ಬ್ರ್ಯಾಂಡ್‌ಗಳು. ಇವುಗಳಲ್ಲಿ ಹೆಚ್ಚಾಗಿ ಕೈಯಲ್ಲಿ ಹಿಡಿಯುವ ರಿಮೋಟ್, ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಜೊತೆಗೇ ಬರುತ್ತವೆ. ಫೋನ್ ಕೊಡದೆ ಮಗುವಿನ ಕೈಗೆ ಯಂತ್ರ ಕೊಡಬಹುದು ಎಂಬುದು ದೊಡ್ಡ ಅನುಕೂಲ. ಕೆಲವು ಸೆಟ್‌ಗಳು ಯಾರದೋ ಹವ್ಯಾಸಿಯ ವಿನ್ಯಾಸವನ್ನು ಕೇಳದೆ ನಕಲು ಮಾಡಿದವು ಎಂಬ ದೂರು ಈ ವಲಯದಲ್ಲಿ ಹಳೆಯದು. ಕೊಳ್ಳುವ ಮೊದಲು ವಿನ್ಯಾಸಕಾರರ ಹೆಸರು ಪೆಟ್ಟಿಗೆ ಮೇಲಿದೆಯೇ ನೋಡಿ.

ಹಂತ 2: ಬೆಲೆಯನ್ನು ಬಿಡಿಸಿ ನೋಡಿ

ತುಂಡಿಗೆ ಎಷ್ಟು ಎಂದು ಭಾಗಿಸುವುದು ಎಲ್ಲರೂ ಮಾಡುವ ಲೆಕ್ಕ. ಅದನ್ನೇ ಮಾಡೋಣ, ಅಮೆರಿಕದ ಬಿಡುಗಡೆ ಬೆಲೆಯಲ್ಲಿ. ಒಂದೇ ಮೋಟರ್‌ನ, ರಿಮೋಟ್ ಇಲ್ಲದ 42055ಕ್ಕೆ 279.99 ಡಾಲರ್: ತುಂಡಿಗೆ ಸುಮಾರು 7 ಸೆಂಟ್. ಏಳು ಮೋಟರ್, ಎರಡು ಹಬ್‌ನ 42100ಕ್ಕೆ 449.99: ತುಂಡಿಗೆ ಸುಮಾರು 11 ಸೆಂಟ್. ಇನ್ನು 42099 ಎಕ್ಸ್‌ಟ್ರೀಮ್ ಆಫ್ ರೋಡರ್ (2019) ನೋಡಿ, ಬರೀ 958 ತುಂಡಿಗೆ 249.99: ತುಂಡಿಗೆ 26 ಸೆಂಟ್! ಅದರಲ್ಲಿ ಮೂರು ಮೋಟರ್ ಮತ್ತು ಒಂದು ಹಬ್ ಇವೆ, ಹಣ ಅಲ್ಲಿಗೆ ಹೋಗಿದೆ. ಹಾಗಾಗಿ ಮೋಟರ್ ಇರುವ ಸೆಟ್‌ಗೆ ತುಂಡಿನ ಲೆಕ್ಕ ಮೋಸದ ಲೆಕ್ಕ. ಮೊದಲು ಮೋಟರ್ ಮತ್ತು ಹಬ್ ಬಿಡಿಯಾಗಿ ಕೊಂಡರೆ ಎಷ್ಟು ಎಂದು ಹುಡುಕಿ, ಅದನ್ನು ಸೆಟ್ ಬೆಲೆಯಿಂದ ಕಳೆಯಿರಿ, ಉಳಿದದ್ದನ್ನು ತುಂಡುಗಳಿಂದ ಭಾಗಿಸಿ. ಆಗ ನಿಜವಾಗಿ ದುಬಾರಿ ಯಾವುದು, ದುಬಾರಿಯಂತೆ ಕಾಣುವುದು ಯಾವುದು ತಿಳಿಯುತ್ತದೆ.

ಈಗ ಡಾಲರ್‌ನಿಂದ ಬಾಗಲಕೋಟೆಗೆ ಬರೋಣ. ವ್ಯಾಪಾರಕ್ಕೆ ತರಿಸುವ ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ 20%ರಿಂದ 60%ಕ್ಕೆ, 2023ರಲ್ಲಿ 70%ಕ್ಕೆ ಏರಿತು. ಅದರ ಮೇಲೆ ಎಲೆಕ್ಟ್ರಾನಿಕ್ ಆಟಿಕೆಗೆ 18% ಜಿಎಸ್‌ಟಿ, ಅದೂ ಸುಂಕ ಸೇರಿದ ಮೊತ್ತದ ಮೇಲೆ. 100 ರೂಪಾಯಿಯ ಮಾಲು ಸುಂಕ ಸೇರಿ 170, ಜಿಎಸ್‌ಟಿ ಸೇರಿ 200 ರೂಪಾಯಿ 60 ಪೈಸೆ. ಅಂದರೆ ಗಡಿ ದಾಟುವಷ್ಟರಲ್ಲಿ ಹೆಚ್ಚೂಕಡಿಮೆ ಇಮ್ಮಡಿ. ಡಾಲರ್‌ಗೆ 85 ರೂಪಾಯಿ ಎಂದು ಹಿಡಿದರೆ 450 ಡಾಲರ್‌ನ ಸೆಟ್ 38,250 ರೂಪಾಯಿ. ಇಮ್ಮಡಿಸಿದರೆ 76,000 ದಾಟುತ್ತದೆ, ಸಾಗಾಟದ ಖರ್ಚು ಬೇರೆ. ಇಲ್ಲಿನ ಅಧಿಕೃತ ಮಾರಾಟಗಾರರು ಸಗಟು ಬೆಲೆಯ ಮೇಲೆ ಸುಂಕ ಕಟ್ಟುವುದರಿಂದ ಅಂಗಡಿಯ ಎಂಆರ್‌ಪಿ ಅಷ್ಟೊಂದು ಏರಬೇಕಿಲ್ಲ. ಆದ್ದರಿಂದ ‘ಅಮೆರಿಕದಾಗ ಸೋವಿ ಐತಿ, ತರಿಸೋಣ’ ಎಂಬ ಮಾತು ಬಂದಾಗ ಮೊದಲು ನಿಮಗೆ ಅನ್ವಯಿಸುವ ಸುಂಕ, ತೆರಿಗೆ ಸೇರಿಸಿ ಲೆಕ್ಕ ಹಾಕಿ, ನಂತರ ಇಲ್ಲಿನ ಎಂಆರ್‌ಪಿ ಜೊತೆ ಹೋಲಿಸಿ.  ಸುಂಕದ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವಂಥದ್ದು, ಆರ್ಡರ್ ಮಾಡುವ ದಿನದ ದರವನ್ನೇ ಹಿಡಿಯಿರಿ.

ದುಬೈ, ಮಸ್ಕತ್‌ನಿಂದ ಬರುವ ನೆಂಟರ ಲಗೇಜ್ ಇನ್ನೊಂದು ದಾರಿ. ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಒಂದು ಮೌಲ್ಯಮಿತಿ ಇರುತ್ತದೆ, ಅದು ಕಾಲಕಾಲಕ್ಕೆ ಬದಲಾಗುತ್ತದೆ. ಅವರು ವಿಮಾನ ಹತ್ತುವ ಮೊದಲು ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಲಿ, ಬಿಲ್ ಇಟ್ಟುಕೊಳ್ಳಲಿ. ಪೆಟ್ಟಿಗೆಯೊಳಗೆ ಅರ್ಧ ಗಾಳಿಯೇ ಇರುತ್ತದೆ. ತುಂಡುಗಳ ಚೀಲ ತೆಗೆದು ಬಟ್ಟೆಗಳ ನಡುವೆ ತುಂಬಿದರೆ ಜಾಗ ಉಳಿಯುತ್ತದೆ. ಬಿಡಿ ಲಿಥಿಯಂ ಬ್ಯಾಟರಿಯನ್ನು ಮಾತ್ರ ಕೈಚೀಲದಲ್ಲೇ ಇಡಬೇಕು, ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ.

ಇನ್ನೊಂದು ಮುಖ್ಯ ಸಂಗತಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ವಿದ್ಯುತ್ ಆಟಿಕೆಗೆ ಅನ್ವಯಿಸುವ ಮಾನದಂಡ ಐಎಸ್ 15644. ಯಾವ ಮುದ್ರೆಯೂ ಇಲ್ಲದ, ಅರ್ಧ ಬೆಲೆಯ ಪೆಟ್ಟಿಗೆ ಆನ್‌ಲೈನ್‌ನಲ್ಲಿ ಕಂಡರೆ ಅದರೊಳಗಿನ ಲಿಥಿಯಂ ಬ್ಯಾಟರಿಯನ್ನು ಯಾರು ಪರೀಕ್ಷಿಸಿದ್ದಾರೆ ಎಂದು ಕೇಳಿಕೊಳ್ಳಿ.

ಹಂತ 3: ಹಳೆಯದು ಕೊಳ್ಳುವವರಿಗೆ

ಲೆಗೊದ ದೊಡ್ಡ ಸೆಟ್‌ಗಳು ಕೆಲವೇ ವರ್ಷ ತಯಾರಾಗಿ ನಿಂತುಹೋಗುತ್ತವೆ. ಆಮೇಲೆ ಬೆಲೆ ನಿಗದಿ ಮಾಡುವವರು ಮಾರುವವರೇ. ಹಳೆಯ ಸೆಟ್, ಬಿಡಿ ತುಂಡುಗಳ ಸಂತೆಯಾದ ಬ್ರಿಕ್‌ಲಿಂಕ್ (2019ರಲ್ಲಿ ಲೆಗೊ ಕಂಪನಿಯೇ ಇದನ್ನು ಕೊಂಡಿತು) ಜಾಲತಾಣದ ಪ್ರೈಸ್ ಗೈಡ್‌ನಲ್ಲಿ ಕಳೆದ ಆರು ತಿಂಗಳಲ್ಲಿ ನಿಜಕ್ಕೂ ಮಾರಾಟವಾದ ದರ ಸಿಗುತ್ತದೆ. ಮಾರುವವನು ಕೇಳುವ ದರ ಆಸೆ, ಮಾರಾಟವಾದ ದರ ಸತ್ಯ. ಚೌಕಾಸಿ ಮಾಡುವಾಗ ಎರಡನೆಯದನ್ನು ಮುಂದಿಡಿ.

ದುಡ್ಡು ಕಳಿಸುವ ಮೊದಲು ಪ್ರತಿ ಮೋಟರ್ ಎರಡೂ ದಿಕ್ಕಿಗೆ ತಿರುಗುವ ವಿಡಿಯೊ ಕೇಳಿ. ಬ್ಯಾಟರಿ ಪೆಟ್ಟಿಗೆಯ ಒಳಗಿನ ಫೋಟೊ ಕೇಳಿ. ತಗಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ಕೈಪಿಡಿ ಪುಸ್ತಕ ಇಲ್ಲದಿದ್ದರೆ ಬೇಸರ ಬೇಡ, ಲೆಗೊ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಳೆದುಹೋದ ಪ್ಲಾಸ್ಟಿಕ್ ತುಂಡುಗಳೂ ಬಿಡಿಯಾಗಿ ಸಿಗುತ್ತವೆ. ಹಬ್ ಇಲ್ಲದ ಸೆಟ್ ಮಾತ್ರ ಎಷ್ಟೇ ಸೋವಿ ಕಂಡರೂ ಲೆಕ್ಕ ಹಾಕದೆ ಮುಟ್ಟಬೇಡಿ.

ಹಂತ 4: ಸೆಲ್

ಟೆಕ್ನಿಕ್ ಹಬ್ ಒಂದಕ್ಕೆ ಆರು ಎಎ ಸೆಲ್. ಲೀಬ್ಹೆರ್‌ಗೆ ಎರಡು ಹಬ್, ಹನ್ನೆರಡು ಸೆಲ್. ಕಿರಾಣಿ ಅಂಗಡಿಯ ಸೆಲ್ ಹಾಕುತ್ತ ಹೋದರೆ ಒಂದು ವರ್ಷದಲ್ಲಿ ಇನ್ನೊಂದು ಸಣ್ಣ ಸೆಟ್‌ನ ದುಡ್ಡು ಖಾಲಿ. ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಕೊಳ್ಳಿ. ಒಂದಕ್ಕೆ 1.2 ವೋಲ್ಟ್, ಆರಕ್ಕೆ 7.2, ಆಲ್ಕಲೈನ್ ಆದರೆ 9 ವೋಲ್ಟ್. ವೇಗ ತುಸು ಕಡಿಮೆ ಎನಿಸಬಹುದು, ಆದರೆ ಭಾರ ಎತ್ತುವಾಗ ಇವು ವೋಲ್ಟೇಜ್ ಕುಸಿಯದಂತೆ ಹಿಡಿದುಕೊಳ್ಳುತ್ತವೆ. ನಾಲ್ಕು ಸೆಲ್‌ನ ಚಾರ್ಜರ್‌ನಲ್ಲಿ ಹನ್ನೆರಡು ಸೆಲ್‌ಗೆ ಮೂರು ಪಾಳಿ ಬೇಕು, ಎಂಟರದು ಕೊಂಡರೆ ತಾಳ್ಮೆ ಉಳಿಯುತ್ತದೆ. ಹೊಸದು–ಹಳೆಯದು ಬೆರೆಸಬೇಡಿ. ಈ ಖರ್ಚನ್ನೂ ಸೆಟ್ ಬೆಲೆಗೆ ಮೊದಲ ದಿನವೇ ಸೇರಿಸಿ.

ಹಂತ 5: ಕಟ್ಟುವಾಗಲೇ ಪರೀಕ್ಷಿಸಿ

ಹೊರಗಿನ ಕವಚ ಮುಚ್ಚಿದ ಮೇಲೆ ಒಳಗಿನ ತಪ್ಪು ಹುಡುಕುವುದೆಂದರೆ ಮುಕ್ಕಾಲು ಯಂತ್ರ ಬಿಚ್ಚುವ ಕೆಲಸ. ಮೋಟರ್ ಜೋಡಿಸುವ ಮೊದಲು ಪ್ರತಿ ಆ್ಯಕ್ಸಲ್ ಅನ್ನು ಬೆರಳಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿ ಇದ್ದರೆ ಬುಷ್ (ಆ್ಯಕ್ಸಲ್ ಸರಿಯದಂತೆ ಹಿಡಿಯುವ ಪುಟ್ಟ ಬಳೆ) ತೀರಾ ಒತ್ತಿ ಕೂತಿರುತ್ತದೆ, ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಬಿಗಿಯಾದ ಗೇರ್ ಸಾಲು ಸೆಲ್ ತಿನ್ನುತ್ತದೆ, ಮೋಟರ್ ಬಿಸಿ ಮಾಡುತ್ತದೆ.

ವೈರ್‌ಗಳನ್ನು ಕೈಪಿಡಿ ಹೇಳಿದ ಪೋರ್ಟ್‌ಗೇ ಹಾಕಿ. ಹಬ್ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಿವೆ. ಎರಡು ವೈರ್ ಅದಲುಬದಲಾದರೆ ಚೈನ್ ಓಡಿಸಲು ಹೋದಾಗ ಬೂಮ್ ಏಳುತ್ತದೆ! ಸಣ್ಣ ಕಾಗದದ ಚೀಟಿ ಅಂಟಿಸಿದರೆ ಮುಂದೆ ಬಿಚ್ಚುವಾಗಲೂ ಅನುಕೂಲ.

ಬೂಮ್ ಎತ್ತುವ ಲೀನಿಯರ್ ಆಕ್ಚುವೇಟರ್‌ಗಳು (ತಿರುಗಿಸಿದಂತೆ ಉದ್ದವಾಗುವ, ಗಿಡ್ಡವಾಗುವ ಕೊಳವೆಗಳು) ತುದಿ ಮುಟ್ಟಿದಾಗ ಟಿಕ್ ಟಿಕ್ ಸದ್ದು ಮಾಡುತ್ತವೆ. ಅದು ಒಳಗಿನ ಕ್ಲಚ್ ಜಾರುವ ಸದ್ದು, ಮುರಿದ ಸದ್ದಲ್ಲ. ಜೋಡಿ ಆಕ್ಚುವೇಟರ್ ಇದ್ದ ಕಡೆ ಎರಡೂ ಒಂದೇ ಉದ್ದಕ್ಕೆ ಇರಬೇಕು. ಜೋಡಿಸುವ ಮೊದಲು ಎರಡನ್ನೂ ಪೂರ್ತಿ ಒಳಕ್ಕೆ ತಿರುಗಿಸಿಬಿಡಿ.

ಹಂತ 6: ಫೋನ್ ಜೊತೆ ಕಟ್ಟುವುದು

ಕಂಟ್ರೋಲ್ ಪ್ಲಸ್ ಸೆಟ್‌ಗೆ ಆ್ಯಪ್ ಹಾಕಿ, ನಿಮ್ಮ ಸೆಟ್‌ನ ಚಿತ್ರ ಆರಿಸಿ, ಅದರ ಫೈಲು ಇಳಿಸಿಕೊಳ್ಳಿ. ನೆಟ್‌ವರ್ಕ್ ಸರಿ ಇರುವಾಗಲೇ ಈ ಕೆಲಸ ಮುಗಿಸಿ, ಹುಟ್ಟುಹಬ್ಬದ ದಿನ ಎಲ್ಲರೂ ಸುತ್ತ ನಿಂತಾಗಲ್ಲ. ಆಂಡ್ರಾಯ್ಡ್ 12ರಿಂದ ಈಚೆಗಿನ ಫೋನ್ ‘ಹತ್ತಿರದ ಸಾಧನಗಳ’ ಅನುಮತಿ ಕೇಳುತ್ತದೆ, ಅದಕ್ಕೂ ಹಳೆಯದು ಲೊಕೇಶನ್ ಕೇಳುತ್ತದೆ. ಬ್ಲೂಟೂತ್ ಹುಡುಕಾಟಕ್ಕೆ ಅದು ಬೇಕು. ಹಬ್‌ನ ಹಸಿರು ಗುಂಡಿ ಒತ್ತಿದರೆ ಎಲ್‌ಇಡಿ ಮಿನುಗುತ್ತದೆ. ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗಿಂದಲೇ ಕನೆಕ್ಟ್ ಮಾಡಿ. ಫರ್ಮ್‌ವೇರ್ (ಹಬ್‌ನ ಒಳಗಿನ ತಂತ್ರಾಂಶ) ಅಪ್‌ಡೇಟ್ ಕೇಳಿದರೆ ತುಂಬಿದ ಸೆಲ್ ಇರುವಾಗ ಮಾತ್ರ ಒಪ್ಪಿಕೊಳ್ಳಿ.

ಆಮೇಲೆ ಕ್ಯಾಲಿಬ್ರೇಶನ್. ಮೋಟರ್‌ಗಳು ತಾವಾಗಿಯೇ ತುದಿಯಿಂದ ತುದಿಗೆ ಹೋಗಿ ಮಧ್ಯ ಕಂಡುಕೊಳ್ಳುತ್ತವೆ. ಆ ಹೊತ್ತು ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಟ್ಟು ದೂರ ನಿಲ್ಲಿ. ಕುತೂಹಲಕ್ಕೆ ಬೂಮ್ ಹಿಡಿದರೆ ಲೆಕ್ಕ ತಪ್ಪುತ್ತದೆ.

ಹಂತ 7: ಆ್ಯಪ್ ಸಾಕೆನಿಸಿದಾಗ

ಗಾಜಿನ ಪರದೆ ಮೇಲೆ ಹೆಬ್ಬೆರಳು ಜಾರಿಸುತ್ತ ಹಿಟಾಚಿ ಓಡಿಸುವುದು ನನಗಂತೂ ಒಗ್ಗದು. ಕಣ್ಣು ಯಂತ್ರದ ಮೇಲಿರಬೇಕೋ ಫೋನಿನ ಮೇಲಿರಬೇಕೋ ತಿಳಿಯುವುದಿಲ್ಲ. ಬ್ರಿಕ್‌ಕಂಟ್ರೋಲರ್2 ಎಂಬ ಪುಕ್ಕಟೆ ಆ್ಯಪ್ ಇದಕ್ಕೆ ಮದ್ದು. ಫೋನಿಗೆ ಸಾಮಾನ್ಯ ಬ್ಲೂಟೂತ್ ಗೇಮ್‌ಪ್ಯಾಡ್ ಜೋಡಿಸಿ, ಯಾವ ಕಡ್ಡಿ ಯಾವ ಮೋಟರ್‌ಗೆ ಅಂತ ನೀವೇ ಹೇಳಬಹುದು.

ಹಾಗೆ ಹೇಳುವಾಗ ನಿಜವಾದ ಆಪರೇಟರ್ ಹಿಡಿಯುವ ಐಎಸ್ಒ (ಅಂತರರಾಷ್ಟ್ರೀಯ ಮಾನದಂಡದ) ಕ್ರಮವನ್ನೇ ಇಡಿ. ಎಡಗೈ ಕಡ್ಡಿ ಎಡ–ಬಲಕ್ಕೆ ಹೋದರೆ ಮೇಲ್ಭಾಗದ ತಿರುಗಾಟ, ಹಿಂದೆ–ಮುಂದಕ್ಕೆ ತೋಳು. ಬಲಗೈ ಕಡ್ಡಿ ಹಿಂದೆ–ಮುಂದಕ್ಕೆ ಬೂಮ್, ಎಡ–ಬಲಕ್ಕೆ ಬಕೆಟ್. ಚೈನ್‌ಗಳನ್ನು ಮೇಲಿನ ಟ್ರಿಗರ್‌ಗಳಿಗೆ ಬಿಡಿ. ಮೊದಲು ಕೈ ತಡವರಿಸುತ್ತದೆ. ಆಮೇಲೆ ಬೂಮ್ ಏಳುತ್ತಿರುವಾಗಲೇ ತೋಳು ಚಾಚಿ, ತಿರುಗಿ, ಬಕೆಟ್ ಸುರಿಯುವ ಲಯ ಸಿಕ್ಕಿಬಿಡುತ್ತದೆ. ಊರಲ್ಲಿ ಹಿಟಾಚಿ ಓಡಿಸುವ ಕಾಕಾ ಯಾರಾದರೂ ಇದ್ದರೆ ಗೇಮ್‌ಪ್ಯಾಡ್ ಅವರ ಕೈಗೆ ಕೊಟ್ಟು ನೋಡಿ. ಕಲಿಸುವ ಮಾತೇ ಬೇಡ. ಧಾರವಾಡದಲ್ಲಿ ಟಾಟಾ ಹಿಟಾಚಿ ಕಾರ್ಖಾನೆಯೇ ಇರುವಾಗ ನಮ್ಮ ಕಡೆ ಇಂಥ ಕಾಕಾಗಳಿಗೆ ಬರವಿಲ್ಲ.

ಇದೇ ಆ್ಯಪ್ ಹಳೆಯ ಪವರ್ ಫಂಕ್ಷನ್ಸ್ ಯಂತ್ರವನ್ನೂ ಓಡಿಸುತ್ತದೆ, ಫೋನಿನಲ್ಲಿ ಇನ್ಫ್ರಾರೆಡ್ ಬ್ಲಾಸ್ಟರ್ (ಟಿವಿ ರಿಮೋಟ್‌ನಂತೆ ಬೆಳಕು ಕಳಿಸುವ ಭಾಗ) ಇದ್ದರೆ. ನಮ್ಮಲ್ಲಿ ಎಷ್ಟೋ ರೆಡ್ಮಿ ಫೋನ್‌ಗಳಲ್ಲಿ ಅದು ಇದೆ. ಹಳೆಯ ಮೋಟರ್‌ಗೆ ಬ್ಲೂಟೂತ್ ಬೇಕೆಂದರೆ ಹಂಗೇರಿಯ ಎಸ್‌ಬ್ರಿಕ್ ಅಥವಾ ಸ್ಲೊವೇನಿಯಾದ ಬುವಿಜ್ ಎಂಬ ಬ್ಲೂಟೂತ್ ರಿಸೀವರ್ ಹಾಕಬಹುದು. ಎರಡನೆಯದರಲ್ಲಿ ಲಿಥಿಯಂ ಬ್ಯಾಟರಿ ಒಳಗೇ ಇದೆ. ಆಮದು ಸುಂಕದ ಲೆಕ್ಕ ಇವಕ್ಕೂ ತಗಲಬಹುದು, ಮರೆಯಬೇಡಿ.

ಫೋನೇ ಬೇಡ ಎನ್ನುವವರಿಗೆ ಪೈಬ್ರಿಕ್ಸ್. ಇದು ಮುಕ್ತ ತಂತ್ರಾಂಶ. ಕಂಪ್ಯೂಟರ್‌ನ ಕ್ರೋಮ್ ಬ್ರೌಸರ್‌ನಿಂದಲೇ ಹಬ್‌ಗೆ ಹೊಸ ಫರ್ಮ್‌ವೇರ್ ಹಾಕಿ, ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದರೆ ಲೆಗೊದ್ದೇ ಕೈರಿಮೋಟ್ (88010) ಟೆಕ್ನಿಕ್ ಹಬ್ ಜೊತೆ ನೇರವಾಗಿ ಮಾತಾಡುತ್ತದೆ. ರಿಮೋಟ್‌ನ ಎಡ, ಬಲ ಗುಂಡಿಗಳನ್ನು ಎರಡು ಚೈನ್‌ಗೆ ಕೊಡಿ, ಕೆಂಪು ಗುಂಡಿಗಳಲ್ಲಿ ಒಂದನ್ನು ಒತ್ತಿದಾಗ ಅದೇ ಗುಂಡಿಗಳು ಬೂಮ್, ಬಕೆಟ್‌ಗೆ ಬದಲಾಗುವಂತೆ ಬರೆಯಿರಿ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಹುಡುಗಿಗೆ ರಜೆಯ ಒಳ್ಳೆಯ ಕೆಲಸ ಇದು. ಮೂಲ ಫರ್ಮ್‌ವೇರ್‌ಗೆ ಮರಳುವ ದಾರಿಯೂ ತೆರೆದಿದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಲೆಗೊ ತನ್ನ ಹೆಸರಾಂತ ಮೈಂಡ್‌ಸ್ಟಾರ್ಮ್ಸ್ ಎಂಬ ರೋಬೋಟ್ ಸೆಟ್‌ಗಳ ಸಾಲನ್ನೇ 2022ರ ಕೊನೆಗೆ ನಿಲ್ಲಿಸಿತು. ಯಾವ ಕಂಪನಿಯ ಆ್ಯಪ್ ಆದರೂ ಒಂದು ದಿನ ನಿಲ್ಲುತ್ತದೆ. ಇನ್ನೊಂದು ದಾರಿ ಇರುವ ಹಬ್‌ಗೆ ನಾನು ನಾಲ್ಕು ಕಾಸು ಹೆಚ್ಚು ಕೊಡುತ್ತೇನೆ. ಒಂದೇ ಆ್ಯಪ್‌ಗೆ ಕಟ್ಟಿಬಿದ್ದ, ಬೇರೆ ಯಾವುದಕ್ಕೂ ಬಗ್ಗದ ಅನಾಮಧೇಯ ಸೆಟ್‌ಗೆ ಅರ್ಧ ಬೆಲೆಯೂ ಹೆಚ್ಚೇ.

ಹಂತ 8: ನಮ್ಮ ನೆಲ, ನಮ್ಮ ಬಿಸಿಲು

ಪ್ಲಾಸ್ಟಿಕ್ ಚೈನ್ ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಜಾರುತ್ತದೆ. ಹಳೆಯ ಮನೆಯ ಒರಟು ಫರಸಿ ಇದಕ್ಕೆ ಹೇಳಿಮಾಡಿಸಿದ ನೆಲ. ಜಮಖಾನದ ಮೇಲೆ ತಿರುಗಿಸಲು ಹೋದರೆ ಎಳೆ ಸಿಕ್ಕಿ ಚೈನ್ ಬಿಚ್ಚಿಕೊಳ್ಳುತ್ತದೆ. ಅಂಗಳದ ಎರೆಮಣ್ಣಿಗೆ ಇಳಿಸಲೇಬೇಡಿ, ಆ ಸಣ್ಣ ಧೂಳು ಆಕ್ಚುವೇಟರ್ ಒಳಗೆ ಸೇರಿದರೆ ಹೊರಬರುವುದಿಲ್ಲ. ಅಗೆಯುವ ಆಸೆಗೆ ತಟ್ಟೆ ತುಂಬ ಕಡಲೆಕಾಳು ಸಾಕು. ಬಕೆಟ್ ಚೆಂದಾಗಿ ತುಂಬುತ್ತದೆ, ಚೆಲ್ಲಿದ್ದನ್ನು ಗುಡಿಸಬಹುದು. ತೀರಾ ಸಣ್ಣ ಮಕ್ಕಳಿರುವ ಮನೆಯಲ್ಲಿ ಅದೂ ಬೇಡ, ಗಂಟಲಿಗೆ ಸಿಕ್ಕೀತು.

ಕಿಟಕಿಯ ಬಿಸಿಲಿಗೆ ಬಿಳಿ ತುಂಡುಗಳು ಹಳದಿಯಾಗುತ್ತವೆ, ಕಾರಿನಲ್ಲಿ ಬಿಟ್ಟರೆ ಲಿಥಿಯಂ ಬ್ಯಾಟರಿ ಕೆಡುತ್ತದೆ. ಮೋಟರ್, ಹಬ್ ತೆಗೆದು ಉಳಿದ ತುಂಡುಗಳನ್ನು ತೊಳೆಯಬಹುದು. ನೀರು 40 ಡಿಗ್ರಿ ಮೀರಬಾರದು ಎಂಬುದು ಲೆಗೊದ ಸೂಚನೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆ ಮೇಲಿನ ಟ್ಯಾಂಕ್ ನೀರು ಆ ಗಡಿ ದಾಟಿದರೆ ಅಚ್ಚರಿಯಿಲ್ಲ, ಬೆಳಿಗ್ಗೆ ತೊಳೆಯಿರಿ.

ಪರೀಕ್ಷೆಯ ದಿನಗಳಿಗೆಂದು ಯಂತ್ರವನ್ನು ಕಪಾಟಿಗೆ ಸೇರಿಸುವಾಗ ಬೂಮ್ ಇಳಿಸಿ, ಬಕೆಟ್ ನೆಲಕ್ಕೆ ಊರಿಸಿ, ಸೆಲ್ ಎಲ್ಲ ಹೊರತೆಗೆದು ಇಡಿ. ಪೆಟ್ಟಿಗೆ ಮತ್ತು ಬಿಲ್ ಎಸೆಯಬೇಡಿ. ಮುಂದೊಂದು ದಿನ ಮಾರುವುದಾದರೆ ಕೊಳ್ಳುವವರು ಮೊದಲು ಕೇಳುವುದು ಅವನ್ನೇ, ಆಮೇಲೆ ಏಳೂ ಮೋಟರ್ ತಿರುಗುವ ವಿಡಿಯೊ.